ಸುಮತಿಯ ಜಾಗದಲ್ಲಿ ಅಕ್ಕಿ ಡಬ್ಬ

ವರ್ಷಕ್ಕೊಂದೆರಡು ಬಾರಿ ನಮ್ಮ ಮನೆಯ ಸೋಫಾದ ಮೇಲೆ, ನನ್ನ ಹೆಂಡತಿ ಸುಮತಿ ಕೂರುವ ಜಾಗದಲ್ಲಿ, ಅಕ್ಕಿ ಡಬ್ಬವೊಂದು ವಿರಾಜಮಾನವಾಗುತ್ತದೆ. ಡಬ್ಬದ ಮುಚ್ಚಳದ ಮೇಲೆ ದಪ್ಪ ಪುಸ್ತಕ, ಪುಸ್ತಕದ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಮೈಕು. ಇಷ್ಟೂ ಸೇರಿದರೆ ಸುಮತಿ ಕೂತಾಗ ಅವಳ ಕಿವಿ ಇರುವ ಎತ್ತರಕ್ಕೆ ಸರಿಹೋಗುತ್ತದೆ. ಇದಕ್ಕೆಂದೇ ಮೂರು ಕಾಲಿನ ಸ್ಟ್ಯಾಂಡು ಸಿಗುತ್ತದೆಂದು ನನಗೂ ಗೊತ್ತು. ಆದರೆ ಮೊದಲ ಸಲ ಆತುರದಲ್ಲಿ ಕೈಗೆ ಸಿಕ್ಕಿದ್ದು ಅಕ್ಕಿ ಡಬ್ಬ, ಆಮೇಲೆ ಅದೇ ಸಂಪ್ರದಾಯವಾಯಿತು. ಸಂಪ್ರದಾಯಗಳು ಬಹುಪಾಲು ಹೀಗೇ ಹುಟ್ಟಿರಬೇಕೆಂದು ನನ್ನ ಗುಮಾನಿ.

ಈ ಪೂಜೆ ಯಾವ ದೇವರಿಗೆ ಎಂದು ನೀವು ಕೇಳುತ್ತೀರಿ. ಟೀವಿಯ ಕೆಳಗೆ ಕೂತಿರುವ ಕಪ್ಪು ಪೆಟ್ಟಿಗೆಗೆ. ಅದರ ಹೆಸರು ಪ್ರಿಆಂಪ್ಲಿಫೈಯರ್. ಕೋಣೆಯ ಸುತ್ತ ಐದು ಸ್ಪೀಕರುಗಳನ್ನಿಟ್ಟುಕೊಂಡವರ ಮನೆಯಲ್ಲಿ, ಸಿನಿಮಾದ ಯಾವ ಸದ್ದು ಯಾವ ಸ್ಪೀಕರಿಗೆ, ಎಷ್ಟು ಜೋರಾಗಿ, ಎಷ್ಟು ತಡೆದು ಹೋಗಬೇಕೆಂದು ತೀರ್ಮಾನಿಸುವುದು ಅದು. ಸ್ಪೀಕರನ್ನು ಮೊಳಗಿಸುವ ಬಲ ಅದಕ್ಕಿಲ್ಲ, ಆ ಕೆಲಸಕ್ಕೆ ಬೇರೊಂದು ಪೆಟ್ಟಿಗೆ ಇದೆ. ಮದುವೆಯೂಟದಲ್ಲಿ ಅಡುಗೆ ಮಾಡುವವರು ಬೇರೆ, ಯಾರ ಎಲೆಗೆ ಏನು ಎಷ್ಟು ಎಂದು ನೋಡಿ ಬಡಿಸುವವರು ಬೇರೆ. ಇದು ಬಡಿಸುವವರ ಪೈಕಿ. ಇಂಥದ್ದನ್ನು ಕೊಂಡವರು ತಮ್ಮ ಅನುಭವಗಳನ್ನು ಇಂಟರ್ನೆಟ್ಟಿನಲ್ಲಿ ಬರೆಯುತ್ತಾರೆ: ಮಳೆಯ ದೃಶ್ಯದಲ್ಲಿ ಮೈ ಒದ್ದೆಯಾದಂತಾಯಿತು, ಹೆಲಿಕಾಪ್ಟರು ನೆತ್ತಿಯ ಮೇಲೇ ಹಾರಿತು, ಇತ್ಯಾದಿ. ಕೊಳ್ಳುವ ಮುಂಚೆ ಅವನ್ನೆಲ್ಲ ಭಕ್ತಿಯಿಂದ ಓದಿದವನು ನಾನು. ನನ್ನ ಸರದಿ ಬಂದಾಗ ಬರೆಯಲೆಂದು ಕೂತೆ, ಆಗಲಿಲ್ಲ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ನಿಮ್ಮೆದುರು ಹೇಳಿಕೊಳ್ಳುತ್ತಿದ್ದೇನೆ.

ಪೆಟ್ಟಿಗೆ ಮನೆಗೆ ಬಂದೊಡನೆ, ಆಮೇಲೆ ಕೋಣೆಯ ಸಾಮಾನು ಸರಿಸಿದಾಗಲೆಲ್ಲ, ಅದಕ್ಕೆ ನಮ್ಮ ಕೋಣೆಯ ಪರಿಚಯ ಮಾಡಿಸಬೇಕು. ಕೇಳುವವರು ಕೂರುವಲ್ಲಿ ಮೈಕಿಟ್ಟು ಗುಂಡಿ ಒತ್ತಿದರೆ, ಅದು ಒಂದೊಂದು ಸ್ಪೀಕರಿನಿಂದಲೂ ಹಕ್ಕಿ ಕೂಗಿದಂಥ ಸದ್ದು ಹೊರಡಿಸಿ, ಮೈಕಿಗೆ ಅದು ಹೇಗೆ ತಲುಪಿತೆಂದು ಅಳೆಯುತ್ತದೆ. ಎಡ, ನಡು, ಬಲ, ಹಿಂದಿನ ಬಲ, ಹಿಂದಿನ ಎಡ. ಒಂದೇ ಲಯದಲ್ಲಿ, ಪ್ರದಕ್ಷಿಣೆ ಬಂದಂತೆ. ಆ ಹೊತ್ತಿನಲ್ಲಿ ಯಾರೂ ಪಿಟಕ್ಕೆನ್ನಬಾರದು. ದುಬೈನ ಕರಾಮದ ಹಳೆಯ ಕಟ್ಟಡದಲ್ಲಿ ನಿಶ್ಶಬ್ದವನ್ನು ಹೊಂದಿಸುವುದು ಸುಲಭದ ಮಾತಲ್ಲ. ಫ್ರಿಜ್ಜಿನ ಸ್ವಿಚ್ಚು ತೆಗೆಯಬೇಕು, ಪಕ್ಕದ ಮಸೀದಿಯ ಬಾಂಗು ಮುಗಿಯುವವರೆಗೆ ಕಾಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಏಸಿ ಆರಿಸಬೇಕು. ಏಸಿಯ ಗುಂಯ್‌ಗುಡುವಿಕೆ ಇಲ್ಲಿ ನಮ್ಮ ಉಸಿರಾಟದಷ್ಟೇ ಸಹಜವಾಗಿಬಿಟ್ಟಿದೆ. ಅದು ನಿಂತಾಗಲೇ ಅದು ಇಷ್ಟು ಹೊತ್ತೂ ಇತ್ತೆಂದು ತಿಳಿಯುವುದು. ಬೇಸಿಗೆಯ ಮಧ್ಯಾಹ್ನ ಏಸಿ ಆರಿಸಿ, ಕುತ್ತಿಗೆಯಲ್ಲಿ ಬೆವರು ಹರಿಸುತ್ತ, ನಾವು ಮೂವರೂ, ಅಂದರೆ ನಾನು, ಸುಮತಿ, ಕಾಲೇಜಿಗೆ ಹೋಗುವ ಮಗಳು ಅನಘಾ, ಗೋಡೆಗೊರಗಿ ನಿಂತು ಅಕ್ಕಿ ಡಬ್ಬವನ್ನೇ ನೋಡುತ್ತಿದ್ದುದನ್ನು ಯಾರಾದರೂ ಕಂಡಿದ್ದರೆ ನಮ್ಮ ಬಗ್ಗೆ ಏನೆಂದುಕೊಳ್ಳುತ್ತಿದ್ದರೋ.

ಮೈಕನ್ನು ನನ್ನ ಜಾಗದಲ್ಲಿಡದೆ ಸುಮತಿಯ ಜಾಗದಲ್ಲಿಡುವುದಕ್ಕೆ ಕಾರಣವಿದೆ. ನಮ್ಮ ಮನೆಯ ಕಿವಿ ಅವಳು. ಮೈಸೂರಿನಲ್ಲಿ ಕಲಿತ ಸಂಗೀತವನ್ನು ಅವಳು ಇಲ್ಲಿಗೆ ತಂದು, ಇದೇ ಹಾಲಿನಲ್ಲಿ ಚಾಪೆ ಹಾಸಿ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದಾಳೆ. ಸಂಜೆಯಾದರೆ ಬಾಗಿಲ ಹೊರಗೆ ಪುಟ್ಟ ಪುಟ್ಟ ಚಪ್ಪಲಿ. ಇಂಗ್ಲಿಷಿನಲ್ಲಿ ಜಗಳವಾಡುತ್ತ ಬಂದ ಮಕ್ಕಳು ಅವಳೆದುರು ಕೂತೊಡನೆ ಸರಿಗಮಕ್ಕೆ ಇಳಿಯುತ್ತವೆ. ತಾಳ ಹಾಕುವಾಗ ಪೆಟ್ಟನ್ನು ಎಲ್ಲರೂ ಉತ್ಸಾಹದಿಂದ ಹೊಡೆಯುತ್ತಾರೆ. ಅಂಗೈಯನ್ನು ಸುಮ್ಮನೆ ಆಚೆ ಬೀಸಬೇಕಾದ ಹುಸಿ ಬಂದಾಗ, ಸದ್ದಿಲ್ಲದ್ದಕ್ಕೆ ಇಷ್ಟೇಕೆ ಹೊತ್ತು ಎಂಬಂತೆ ಹಾರಿಸಿ ಮುಂದಕ್ಕೋಡುತ್ತಾರೆ. “ಸದ್ದಿಲ್ಲ ಅಂತ ಬಿಟ್ಬಿಡೋದಾ? ಅದಕ್ಕೂ ಅದರ ಹೊತ್ತು ಕೊಡ್ಬೇಕು ಪುಟ್ಟಾ, ಇಲ್ದಿದ್ರೆ ಹಾಡು ಬಿದ್ಹೋಗತ್ತೆ,” ಎಂದು ಅವಳು ಹೇಳುವುದನ್ನು ಒಳಕೋಣೆಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು, ನಮ್ಮ ಫ್ರಿಜ್ಜು ತನ್ನ ಶ್ರುತಿಗಿಂತ ಒಂದು ಎಳೆ ಕೆಳಗಿದೆ ಎಂದಿದ್ದಳು. ಫ್ರಿಜ್ಜಿಗೊಂದು ಶ್ರುತಿ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಕಿವಿಯ ವ್ಯವಹಾರದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು.

ಆದ್ದರಿಂದಲೇ, ಅಳತೆ ಮುಗಿದು ನಾವು ಹೊಸ ಪೆಟ್ಟಿಗೆಯಲ್ಲಿ ಮೊದಲ ಸಿನಿಮಾ ಹಾಕಿದಾಗ, “ರೀ, ಬಲಗಡೆಯದು ಬಲಗಡೆಯಿಂದ ಬರ್ತಾನೇ ಇಲ್ಲ. ಎಲ್ಲಾ ಎಡಕ್ಕೇ ಹೋಗಿ ಕೂತ್ಕೊಂಡಿದೆ,” ಎಂದು ಅವಳು ಹೇಳಿದೊಡನೆ ನಾನು ಪೆಟ್ಟಿಗೆಯನ್ನೇ ಸಂಶಯದಿಂದ ನೋಡಿದೆ. ನನಗೇನೋ ಬಲಗಡೆಯದು ಚೆನ್ನಾಗಿಯೇ ಕೇಳುತ್ತಿತ್ತು. ಅನಘಾ ಕೂಡ ಮೊಬೈಲಿನಿಂದ ತಲೆಯೆತ್ತದೆ, “ಇಟ್ಸ್ ಫೈನ್ ಅಪ್ಪಾ, ರೈಟ್ ಸೈಡ್ ಕ್ಲಿಯರ್ ಆಗಿದೆ,” ಎಂದಳು. ನಾನು ಒಪ್ಪಲಿಲ್ಲ. ಹಗಲೆಲ್ಲ ಇಯರ್‌ಫೋನು ತುರುಕಿಕೊಂಡಿರುವ ಅವಳ ಕಿವಿಯನ್ನೂ, ಫ್ರಿಜ್ಜಿನ ಶ್ರುತಿ ತಿಳಿಯದ ನನ್ನ ಕಿವಿಯನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಸುಮತಿಯ ಕಿವಿಯನ್ನು ಇನ್ನೊಂದರಲ್ಲಿಟ್ಟರೆ ಯಾವುದು ತೂಗುತ್ತದೆಂದು ನಿಮಗೂ ಗೊತ್ತು.

ದೋಷ ಹುಡುಕುವುದಕ್ಕೆ ನಮ್ಮಂಥ ಹುಚ್ಚರಲ್ಲಿ ಒಂದು ಕ್ರಮವಿದೆ, ಅದು ಅದಲು ಬದಲು. ಬಲದ ವೈರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಬೇಕು. ದೋಷವೂ ಜೊತೆಗೆ ಆಚೆ ಹೋದರೆ ತಪ್ಪು ವೈರಿನದು; ಹೋಗದಿದ್ದರೆ ಮುಂದಿನ ವಸ್ತುವನ್ನು ಅದಲು ಬದಲು ಮಾಡಬೇಕು. ನಾನು ವೈರು ಬದಲಿಸಿದೆ, ಸ್ಪೀಕರು ಬದಲಿಸಿದೆ, ಕೊನೆಗೆ ಪೆಟ್ಟಿಗೆಯನ್ನೇ ಟ್ಯಾಕ್ಸಿಯಲ್ಲಿ ಮಡಿಲಲ್ಲಿಟ್ಟುಕೊಂಡು ಅದನ್ನು ಮಾರಿದ ದೇರಾದ ಅಂಗಡಿಗೆ ಹೋದೆ. ಅಂಗಡಿಯ ಇಸ್ಮಾಯಿಲ್ ಬ್ಯಾರಿಯವರು ಮಂಗಳೂರು ಕಡೆಯವರು, ಕನ್ನಡದವರು ಬಂದರೆ ಸುಲೈಮಾನಿ ಚಹಾ ಕೊಡದೆ ಕಳಿಸುವವರಲ್ಲ. ಅವರು ಪೆಟ್ಟಿಗೆಯನ್ನು ತಮ್ಮ ಸ್ಪೀಕರುಗಳಿಗೆ ಜೋಡಿಸಿ ಬಹಳ ಹೊತ್ತು ಕೇಳಿದರು.

“ಮಾಫಿ ಮುಶ್ಕಿಲ್ ಸಾರ್, ಮೆಷಿನ್‌ಗೆ ಎಂತದೂ ಆಗ್ಲಿಲ್ಲ. ನಿಮ್ಗೆ ಹೇಗೆ ಕೇಳ್ತದೆ?”

“ನನಗೆ ಸರಿಯಾಗೇ ಕೇಳತ್ತೆ. ಮನೆಯವರಿಗೆ ಕೇಳಲ್ಲ. ಅವರು ಸಂಗೀತದವರು.”

“ಹೌದಾ, ಹಾಗಾದ್ರೆ ಎಂತದೋ ಉಂಟು,” ಎಂದು ಅವರೂ ಗಂಭೀರವಾದರು. ಸಂಗೀತದವರ ಕಿವಿಯ ಮೇಲೆ ಅವರಿಗೂ ಅಷ್ಟೇ ನಂಬಿಕೆ. ಇನ್ನೂ ಒಳ್ಳೆಯ ವೈರೊಂದನ್ನು ಕೊಟ್ಟು ಕಳಿಸಿದರು.

ಆ ಒಳ್ಳೆಯ ವೈರನ್ನು ಜೋಡಿಸಿ, ಪರೀಕ್ಷೆಯ ಸದ್ದನ್ನು ಮತ್ತೆ ಮತ್ತೆ ಹಾಕುತ್ತಿದ್ದ ಭಾನುವಾರವದು. ಸುಮತಿಗೆ ಸಾಕಾಗಿಹೋಗಿತ್ತು. ಹಿಂದೆ ಊಟದ ಮೇಜಿನ ಬಳಿಯಿದ್ದ ಅನಘಾಳಿಗೆ ಏನೋ ಹೇಳಲೆಂದು ಅವಳು ಸೋಫಾದ ಮೇಲೆ ಮಂಡಿಯೂರಿ, ಟೀವಿಗೆ ಬೆನ್ನು ಹಾಕಿ ತಿರುಗಿದಳು. ಸದ್ದು ನಡೆದೇ ಇತ್ತು. ಅವಳು ಒಮ್ಮೆಲೇ ಮಾತು ನಿಲ್ಲಿಸಿ, ಸಂತೋಷದಿಂದಲೇ ಕೂಗಿ ಹೇಳಿದಳು: “ರೀ, ಈಗ ಸರಿಹೋಯ್ತು ನೋಡಿ, ಆ ಬಲಗಡೆ ಸ್ಪೀಕರ್ರು! ಆದ್ರೆ ಈಗ ಎಡಗಡೆದು ಹೋಯ್ತಲ್ಲ!”

ನಾನು ಯಾವುದನ್ನೂ ಮುಟ್ಟಿರಲಿಲ್ಲ. ಎಲ್ಲವನ್ನೂ ಅದಲು ಬದಲು ಮಾಡಿ ಮುಗಿಸಿದವನು ಮಾಡದೆ ಉಳಿಸಿದ್ದು ಒಂದನ್ನು ಮಾತ್ರ: ಕೇಳುವವಳ ಎರಡು ಕಿವಿ. ಅದನ್ನು ಅವಳು ತಾನೇ ತಿರುಗಿ ಮಾಡಿಬಿಟ್ಟಿದ್ದಳು. ಅನಘಾ ನನ್ನನ್ನು ನೋಡಿದಳು, ನಾನು ಸುಮತಿಯನ್ನು ನೋಡಿದೆ. ಅವಳ ಮುಖದ ಸಂತೋಷ ಒಂದೇ ಸಲಕ್ಕೆ ಹೋಗಲಿಲ್ಲ. ಅವಳು ಟೀವಿಯತ್ತ ತಿರುಗಿ ಕೇಳಿದಳು, ಮತ್ತೆ ಬೆನ್ನು ಹಾಕಿ ಕೇಳಿದಳು. ಆಮೇಲೆ ಮೆಲ್ಲಗೆ ಕೈಯೆತ್ತಿ ಎಡಗಿವಿಯನ್ನು ಮುಚ್ಚಿಕೊಂಡಳು. ನನಗೆ ಆಗ ನೆನಪಾಯಿತು: ಪಾಠಕ್ಕೆ ಕೂರುವಾಗ ಯಾವಾಗಲೂ ಬಲಕ್ಕಿರುತ್ತಿದ್ದ ಎಲೆಕ್ಟ್ರಾನಿಕ್ ತಂಬೂರಿ ಇತ್ತೀಚೆಗೆ ಎಡಕ್ಕೆ ಬಂದಿತ್ತು. ಫೋನು ಎಡಗೈಗೆ ಹೋಗಿತ್ತು. ಅವಳಿಗೆ ಎಲ್ಲೋ ಒಳಗೆ ಗೊತ್ತಿತ್ತೇನೋ. ದೋಷ ಪೆಟ್ಟಿಗೆಯದೇ ಆಗಿರಲಿ ಎಂದು ನನಗಿಂತ ಹೆಚ್ಚಾಗಿ ಅವಳೇ ಆಸೆಪಟ್ಟಿದ್ದಳೇನೋ. ನಾನು ಈವರೆಗೂ ಕೇಳಿಲ್ಲ.

ಬರ್ ದುಬೈಯ ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. ಬಲಗಿವಿಯ ನರ ಮೆಲ್ಲಮೆಲ್ಲಗೆ ಸೋತಿದೆ, ಇನ್ನದು ಹಿಂದಿರುಗುವುದಿಲ್ಲ, ಎಡಗಿವಿ ಗಟ್ಟಿಯಾಗಿದೆ, ಆಗಾಗ ಬಂದು ತೋರಿಸುತ್ತಿರಿ ಎಂದರು. ಒಂದು ಕಿವಿ ಹೋದವರಿಗೆ ಸದ್ದು ಕೇಳುತ್ತದೆ, ಅದು ಎತ್ತಣಿಂದ ಬಂತೆಂಬುದು ಮಾತ್ರ ತಿಳಿಯುವುದಿಲ್ಲವೆಂದು ವಿವರಿಸಿದರು. ಅಲ್ಲಿಂದ ಹೊರಟು, ಮನೆಗೆ ಹೋಗಲು ಮನಸ್ಸಾಗದೆ, ನಾವು ಸುಮ್ಮನೆ ಅಬ್ರಾ ದೋಣಿಯಲ್ಲಿ ಕೂತು ಊರ ನಡುವೆ ಹಾಯುವ ಕಡಲ ಖಾಡಿಯ ಆಚೆ ದಡಕ್ಕೆ ಹೋದೆವು. ನಾನು ಅವಳ ಬಲಕ್ಕೆ ಕೂತು ಏನೇನೋ ಸಮಾಧಾನ ಹೇಳುತ್ತಿದ್ದೆ. ದೋಣಿ ನಡುನೀರಿಗೆ ಬಂದಾಗ ಅವಳು ಎದ್ದು, ನನ್ನ ಮೊಣಕಾಲು ದಾಟಿ, ನನ್ನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು. “ಈಗ ಹೇಳಿ,” ಎಂದಳು. ನನಗೆ ಅಳು ಬಂದಿತ್ತು.

ಅವಳು ಪಾಠ ನಿಲ್ಲಿಸಿದಳು. ಮಕ್ಕಳ ತಾಯಂದಿರಿಗೆ, ಸ್ವಲ್ಪ ದಿನ ಹುಷಾರಿಲ್ಲವೆಂದು ಮೆಸೇಜು ಹೋಯಿತು. “ಅರ್ಧ ಕಿವಿ ಇಟ್ಕೊಂಡು ಬೇರೆಯವರ ಮಕ್ಕಳಿಗೆ ಶ್ರುತಿ ತಪ್ಪಿತು ಅಂತ ಯಾವ ಬಾಯಲ್ಲಿ ಹೇಳ್ಲಿ?” ಎಂದು ಕೇಳಿದಳು. ಚಾಪೆ ಸುರುಳಿಯಾಗಿ ಬೀರುವಿನ ಪಕ್ಕ ನಿಂತಿತು. ಸಂಜೆ ನಾನು ಆಫೀಸಿನಿಂದ ಬಂದಾಗ ಬಾಗಿಲ ಹೊರಗೆ ಚಪ್ಪಲಿಗಳಿಲ್ಲದೆ, ಇದು ಬೇರೆ ಯಾರದೋ ಫ್ಲ್ಯಾಟು ಎನಿಸಿ ಒಂದು ಕ್ಷಣ ನಿಲ್ಲುತ್ತಿದ್ದೆ. ಅವಳ ದನಿ ಆ ಮನೆಯಿಂದ ಹೊರಟುಹೋಗುತ್ತದೆಂದೇ ನಾನು ಹೆದರಿದ್ದೆ. ಅಷ್ಟು ವರ್ಷ ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಆ ಹಾಡು ನಿಂತ ಮೇಲೆಯೇ, ಅದು ನನಗೆ ಎಷ್ಟು ಬೇಕಾಗಿತ್ತೆಂದು ತಿಳಿದದ್ದು.

ಮನುಷ್ಯ ದುಃಖವಾದಾಗ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನಾನು ಯಾರಿಗೂ ಹೇಳದೆ ಪೆಟ್ಟಿಗೆಯೊಳಗೆ ಹೊಕ್ಕು ಬಲಗಡೆಯ ಸ್ಪೀಕರುಗಳನ್ನು ಏರಿಸಿದೆ, ಎಡದ್ದನ್ನು ಇಳಿಸಿದೆ; ಸೋತ ಕಿವಿಗೆ ಒಂದು ಸೌಟು ಹೆಚ್ಚು ಬಡಿಸಿದರೆ ಲೆಕ್ಕ ಸರಿಹೋದೀತೆಂದು. ಸುಮತಿ ಒಂದು ಹಾಡಿನ ಅರ್ಧಕ್ಕೇ ಕಂಡುಹಿಡಿದಳು.

“ಏನು ಮಾಡಿದ್ರಿ ಇದಕ್ಕೆ?”

“ಏನಿಲ್ಲ, ನಿನಗೆ ಸ್ವಲ್ಪ ಅನುಕೂಲವಾಗ್ಲಿ ಅಂತ…”

“ಗಂಟಲು ಹರಿದು ಕೂಗ್ತಿದೆ ಪಾಪ. ನನಗೋಸ್ಕರ ಅದನ್ನ ಕೆಡಿಸ್ಬೇಡಿ. ಬಲಗಡೆ ಎಷ್ಟಿರ್ಬೇಕೋ ಅಷ್ಟೇ ಇರ್ಲಿ. ಕೇಳದೇ ಇದ್ರೂ ಅಲ್ಲೊಂದು ಇದೆ ಅಂತ ನನಗೆ ಗೊತ್ತಲ್ಲ!” ಆಮೇಲೆ ತಾನೇ ಹೇಳಿದಳು: “ಮೊದಲಿನ ಹಾಗೆ ಅಳತೆ ತೊಗೊಳ್ಳಿ. ಏಸಿ ಆರ್ಸಿ.”

ನಾನು ಫ್ರಿಜ್ಜಿನ ಸ್ವಿಚ್ಚು ತೆಗೆದೆ, ಏಸಿ ಆರಿಸಿದೆ. ಬಾಂಗು ಮುಗಿಯುವವರೆಗೆ ಕಾದೆವು. ಅಡುಗೆಮನೆಯಿಂದ ಅಕ್ಕಿ ಡಬ್ಬ ಹೊತ್ತು ತಂದಾಗ ಅವಳು ತನ್ನ ಜಾಗದಲ್ಲಿ ಕೂತಿದ್ದಳು, ಏಳಲಿಲ್ಲ. “ಅದು ಬೇಡ, ನಾನೇ ಇದ್ದೀನಲ್ಲ,” ಎಂದು ಮೈಕಿಗೆ ಕೈ ಚಾಚಿದಳು. ಮನುಷ್ಯರು ಕೂತರೆ ಅಳತೆ ಕೆಡುತ್ತದೆಂದು ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದಾರೆ. ನಾನು ಹೇಳಲಿಲ್ಲ. ಅವಳು ಮೈಕನ್ನು ಬಲಗೈಯಲ್ಲಿ ಹಿಡಿದು, ಬಲಗಿವಿಯ ಪಕ್ಕಕ್ಕೆ ತಂದು, ಕಣ್ಣು ಮುಚ್ಚಿದಳು. ಅನಘಾ ಗೋಡೆಗೊರಗಿದಳು. ನಾನು ಗುಂಡಿ ಒತ್ತಿದೆ.

ಎಡಗಡೆ ಹಕ್ಕಿ ಕೂಗಿತು. ಅವಳ ಎಡಗೈ ತೊಡೆಯ ಮೇಲೆ ಸದ್ದಾಗದಂತೆ ಇಳಿಯಿತು. ನಡುವಿನದು ಕೂಗಿತು, ಬೆರಳೊಂದು ಮಡಿಚಿಕೊಂಡಿತು. ಅವಳು ಲಯ ಹಿಡಿದಿದ್ದಳು. ಮುಂದಿನದರ ಸರದಿ ಬರುತ್ತಿದ್ದಂತೆ ಅವಳ ಅಂಗೈ ಮೇಲೆದ್ದು ಹುಸಿಯ ಹಾಗೆ ಗಾಳಿಯಲ್ಲಿ ಆಚೆ ಬೀಸಿತು, ಮತ್ತು ಸರಿಯಾಗಿ ಅದೇ ಕ್ಷಣಕ್ಕೆ, ಸದ್ದಿಗಿಂತ ಮೊದಲೂ ಅಲ್ಲದೆ ಅನಂತರವೂ ಅಲ್ಲದೆ, ಅವಳು ಮುಖವನ್ನು ಬಲಕ್ಕೆ ತಿರುಗಿಸಿದಳು. ಬಲಗಡೆಯ ಸ್ಪೀಕರು ಕೂಗುತ್ತಿತ್ತು. ಅವಳು ಕಣ್ಣು ತೆರೆದು, ಮಾತಾಡಬಾರದೆಂಬುದು ನೆನಪಿದ್ದುದರಿಂದ, ಹುಬ್ಬೆತ್ತಿ ನನ್ನನ್ನು ಕೇಳಿದಳು: ಬಂತಾ?

ಬಂತು ಎಂದು ನಾನು ತಲೆಯಾಡಿಸಿದೆ. ಗೋಡೆಗೊರಗಿದ್ದ ಅನಘಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸುಮತಿ ಅಷ್ಟಕ್ಕೇ ನಿಲ್ಲದೆ, ತಾಳ ಬಿಡದೆ, ಹಿಂದಿನ ಬಲಕ್ಕೂ ಸರಿಯಾದ ಹೊತ್ತಿಗೆ ತಿರುಗಿದಳು, ಹಿಂದಿನ ಎಡಕ್ಕೂ ತಿರುಗಿದಳು. ಅಳತೆ ಮುಗಿದಾಗ ಮೈಕನ್ನು ನನ್ನ ಕೈಗಿಟ್ಟು, ಸೆರಗಿನಿಂದ ಕುತ್ತಿಗೆಯ ಬೆವರೊರೆಸಿಕೊಂಡಳು.

“ಏಸಿ ಹಾಕಿ, ಆಮೇಲೆ ಆ ಚಾಪೆ ತೆಗೀರಿ,” ಎಂದಳು. “ಮಕ್ಕಳನ್ನ ಇನ್ಮೇಲೆ ಈ ಎಡಗಡೆ ಕೂರಿಸ್ಬೇಕು.”