ನಕ್ಷೆಯಲ್ಲಿ ನೀಲಿಯಾದ ಅಕ್ಕನ ಗದ್ದೆ

ಊರಿನ ಮಹಾಯೋಜನೆಯ ಕರಡು ನಕ್ಷೆಯನ್ನು ಯೋಜನಾ ಪ್ರಾಧಿಕಾರದ ಕಚೇರಿಯ ಗೋಡೆಗೆ ಹಚ್ಚಿದ್ದಾರೆ ಎಂದು ಕೇಳಿದ ದಿನವೇ ನಾನು ಹೋಗಬೇಕಿತ್ತು. ಹೋಗಲಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಜಾಗದ ಮಾತುಕತೆ ಮಾಡಿಸಿಯೇ ಬದುಕು ಕಟ್ಟಿಕೊಂಡವನು ನಾನು. ಊರು ಎತ್ತ ಬೆಳೆಯುತ್ತದೆ ಎಂದು ಕಚೇರಿಯ ಗೋಡೆ ನೋಡಿ ತಿಳಿಯಬೇಕೇ ಎಂಬ ಜಂಬ. ಆಕ್ಷೇಪಣೆ ಕೊಡಲು ನಾಲ್ಕೇ ದಿನ ಉಳಿದಾಗ ಅಕ್ಕ ಫೋನು ಮಾಡಿ ಹೊರಡಿಸಿದಳು, ಜೊತೆಗೆ ತಾನೂ ಬಂದಳು.

ನಕ್ಷೆ ಓದುವುದು ಕಷ್ಟವಲ್ಲ. ಮುಂದೆ ಎಷ್ಟು ಮನೆ ಬೇಕಾದೀತು ಎಂದು ಅಂದಾಜು ಮಾಡಿ, ಮನೆಗೆ ಬಿಟ್ಟ ಜಾಗಕ್ಕೆ ಹಳದಿ, ಬೇಸಾಯಕ್ಕೆ ಹಸಿರು, ನೀರಿಗೆ ನೀಲಿ ಬಳಿದಿರುತ್ತಾರೆ. ಊರಿಡೀ ಹಳದಿ ಕಂಡಿತೆಂದು ಖುಷಿಪಡಬೇಡಿ, ನಿಮ್ಮ ಸರ್ವೆ ನಂಬರಿನ ಮೇಲೆ ಬೆರಳಿಡಿ. ನಾನು ತೆಕ್ಕಟ್ಟೆಯ ಹೆದ್ದಾರಿ ಹಿಡಿದು ಬೆರಳು ಎಳೆದೆ. ಅಕ್ಕನ ನಂಬರು ಪೂರ್ತಿ ನೀಲಿ.

ಅಲ್ಲಿ ಕೆರೆಯಿಲ್ಲ. ಅಕ್ಕನ ಪಾಲಿಗೆ ಬಂದ ಗದ್ದೆ ಇದೆ. ಭಾವ ತೀರಿಕೊಂಡ ಮೇಲೆ ಬಾಡಿಗೆ ಮನೆಗಳಲ್ಲೇ ಕಳೆದವಳಿಗೆ ಸ್ವಂತ ಮನೆ ಕಟ್ಟಲು ಇರುವುದು ಅದೊಂದೇ ನೆಲ.

ಮೇಜಿನ ಹಿಂದಿದ್ದ ಗುಮಾಸ್ತೆ ತಲೆಯೆತ್ತಿದಳು. "ಮೇಲಿಂದ ತೆಗ್ದ ಚಿತ್ರ ನೋಡಿ ಬಣ್ಣ ಹಾಕಿದ್ದು ಸರ್. ನೀರು, ಜೊಂಡು ಬಿಟ್ರೆ ಅಲ್ಲಿ ಬೇರೆ ಎಂತ ಇತ್ತು?"

ಆ ಜೊಂಡು ಬೆಳೆಸಿದವನು ನಾನೇ. ನಟ್ಟಿ ಮಾಡಬೇಡ, ಗದ್ದೆ ಹಡಿಲು ಬಿಡು, ಬೇಸಾಯವಿಲ್ಲದ ಗದ್ದೆಯನ್ನು ಮನೆ ಜಾಗ ಮಾಡಿಸುವುದು ಸುಲಭ ಎಂದು ಮೂರು ವರ್ಷದ ಹಿಂದೆ ಅಕ್ಕನಿಗೆ ಹೇಳಿದ್ದೆ. ಅರ್ಧ ಊರಿಗೆ ಅದೇ ಹೇಳಿದ್ದೆ. ಉಳದೆ ಬಿಟ್ಟ ಗದ್ದೆಯ ಅಂಚು ಕುಸಿಯಿತು, ನೀರು ಹರಿದುಹೋಗುವ ತೋಡಿನಲ್ಲಿ ಹೂಳು ತುಂಬಿತು, ನೀರು ನಿಂತಿತು.

"ಹ್ವಾಯ್ ಬ್ರೋಕರ್ರೇ," ಅಕ್ಕ ನನ್ನ ಮುಖ ನೋಡಿದಳು, "ಕೆರಿ ಒಳ್ಗೆ ಮನಿ ಕಟ್ಟುಕಾತ್ತಾ?"

"ತಡಿ, ಬರಿತೆ."

ಹೊರಗಿನ ಬೆಂಚಿನಲ್ಲಿ ಕೂತು ಮೂರು ಹಾಳೆ ಹರಿದೆ. ಕೆರೆಯಲ್ಲ, ಗದ್ದೆ ಎಂದು ಬರೆದರೆ ಹಸಿರು ಬಳಿಯುತ್ತಾರೆ, ಆಗಲೂ ಮನೆಯಿಲ್ಲ. ಖಾಲಿ ಜಾಗ ಎನ್ನೋಣವೆಂದರೆ ಪಹಣಿಯಲ್ಲಿ ಭತ್ತ ಎಂದಿದೆ. ಎದ್ದೆ, ಕೂತೆ, ಗುರುತಿನ ವಕೀಲರಿಗೆ ಫೋನು ಹಚ್ಚಿದೆ, ಅವರು ಎತ್ತುವ ಮೊದಲೇ ಕಟ್ ಮಾಡಿದೆ.

"ಕೂಕೊ ಮಾರಾಯಾ, ನೀನ್ ತಿರ್ಗುದ್ ಕಂಡ್ ನಂಗೆ ತಲಿ ತಿರ್ಗತ್ತ್. ಇದ್ದದ್ದ್ ಬರಿ. ತಮ್ಮ ಹೇಳ್ದ ಅಂದೇಳಿ ಹಡಿಲ್ ಬಿಟ್ಟದ್ದ್. ರಸ್ತಿ ಬದಿ ಬೆಟ್ಟಿನ ತುಂಡ್ ಹಳ್ದಿ ಮಾಡಿ ಕೊಡಿ, ಕೆಳ್ಗಿನ ಬೈಲ್ ಹಸ್ರೇ ಇರ್ಲಿ ಅಂದೇಳಿ ಬರಿ."

ಬೆಟ್ಟು ಎಂದರೆ ನೀರು ನಿಲ್ಲದ ಎತ್ತರದ ಗದ್ದೆ. ಹಿಂದಿನವರು ಮನೆ ಕಟ್ಟುತ್ತಿದ್ದದ್ದೇ ಅಂಥಲ್ಲಿ. ನೀರು ನಿಲ್ಲುವ ತಗ್ಗಿನ ಬೈಲಿನ ಜೊತೆ ಒಂದೇ ನಂಬರಿನಲ್ಲಿ ಇದ್ದದ್ದಕ್ಕೆ ಅದೂ ನೀಲಿಯಾಗಿತ್ತು.

"ಇಡೀ ಹಳ್ದಿ ಕೇಂಬ. ಅರ್ಧ ಆರೂ ಸಿಕ್ಕತ್ತ್," ಎಂದೆ. ಪೂರ್ತಿ ಕೇಳಿ ಅರ್ಧಕ್ಕೆ ಇಳಿಯುವ ಚೌಕಾಸಿಯ ಹಳೇ ಚಾಳಿ.

"ನಂಗೆ ಬೇಕಾದ್ದ್ ಒಂದ್ ಮನಿ. ಬೈಲಿಗೆ ಮಣ್ ತುಂಬ್ಸಿ ಕಟ್ರೆ, ಮಳಿಗಾಲದಲ್ ದೋಣಿ ತಕಂಡ್ ಬತ್ಯಾ ನೀನ್?"

ಬರೆದೆ. ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟ ಕೈಯಲ್ಲೇ 'ತಮ್ಮನ ಸಲಹೆಯಂತೆ' ಎಂದೂ ಬರೆದೆ. ನಕಲು ಪ್ರತಿಗೆ ಸೀಲು ಹಾಕಿಸಿಕೊಂಡೆ. ನೀವೂ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಅರ್ಜಿ ಕೊಟ್ಟದ್ದಕ್ಕೇ ಸಾಕ್ಷಿಯಿರುವುದಿಲ್ಲ.

ಸ್ಥಳ ನೋಡಲು ಬರುತ್ತೇವೆ ಎಂದರು, ಯಾವಾಗ ಎನ್ನಲಿಲ್ಲ. ಅಕ್ಕ ಕಾಯಲಿಲ್ಲ. ತೋಡಿನ ಹೂಳು ತೆಗೆಸಿ ಬೈಲಿಗೆ ಟಿಲ್ಲರ್ ಇಳಿಸಿದಳು, ಬೆಟ್ಟಿನ ಪೊದೆ ಕಡಿಸಿ ನಾಲ್ಕು ಮೂಲೆಗೆ ಗೂಟ ಹೊಡೆಸಿದಳು. ನಾನು ವಾರಕ್ಕೆರಡು ಸಲ ಕಚೇರಿಗೆ ಎಡತಾಕಿದೆ. ಕೊನೆಗೆ ಮೊನ್ನೆ ಇಬ್ಬರು ಬಂದು ಬೆಟ್ಟಿನ ಮೇಲೆ ನಿಂತು ಫೋಟೊ ತೆಗೆದರು. ಏನಾದೀತು ಎಂದು ಕೇಳಿದರೆ, ಮೇಲಿನವರು ಹೇಳುತ್ತಾರೆ ಎಂದು ಜೀಪು ಹತ್ತಿದರು.

"ಹಳ್ದಿ ಆರೆ ಮನಿ," ಅಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ಇಲ್ದಿರೆ ಮತ್ತೊಂದ್ ಅರ್ಜಿ. ಬರಿಯೂಕೆ ನೀನ್ ಇದ್ಯಲೆ."

ನಾನಾಗಲೇ ಹಾಳೆ ತಂದಿಟ್ಟಿದ್ದೇನೆ.