ಎರಡನೆಯ ಸದ್ದು ಕೇಳುವವರೆಗೆ

ನಾನು ಚಿಕ್ಕವನಿದ್ದಾಗ, ಮಾಡುವ ಕೆಲಸದಲ್ಲೇ ಮನಸ್ಸಿಡುವುದನ್ನು ಒಂದೇ ಬೆಳಿಗ್ಗೆ ಕಲಿತೆ. ಅದಕ್ಕೆ ತೆತ್ತದ್ದು ಎರಡು ಸೇರು ಕಾಫಿ ಬೀಜ ಮತ್ತು ಹೊರನಾಡು ದೇವಸ್ಥಾನದ ಒಂದು ಊಟ. ದುಬಾರಿಯಾಯಿತೆಂದು ಆಗ ಅತ್ತಿದ್ದೆ. ಬದುಕಿಡೀ ವ್ಯಾಪಾರ ಮಾಡಿದವನು ಹೇಳುತ್ತಿದ್ದೇನೆ ಮಕ್ಕಳೇ, ಅಷ್ಟು ಅಗ್ಗಕ್ಕೆ ನನಗೆ ಮತ್ತೇನೂ ಸಿಕ್ಕಿಲ್ಲ.

ಸಂಸೆಯಲ್ಲಿ ನಮ್ಮ ಮನೆ. ಅಕ್ಕ ಕಾಫಿ ಬೀಜ ಹುರಿದು ಕಳಸದ ಒಂದು ಹೋಟೆಲಿಗೆ ವಾರಕ್ಕೊಮ್ಮೆ ಕೊಡುತ್ತಿದ್ದಳು. ಹೊಲಿಗೆ ಯಂತ್ರ ಕೊಳ್ಳುವ ಅವಳ ಆಸೆ ಆ ಒಂದೇ ಗಿರಾಕಿಯ ಮೇಲೆ ನಿಂತಿತ್ತು. ಆದರೆ ಅವಳ ಕೈ ಉಳುಕಿ, ಹಿಂದಿನ ವಾರದ ಬೀಜ ಸೀದುಹೋಗಿತ್ತು. ಇನ್ನೊಂದು ಸಲ ಹೀಗಾದರೆ ಬೇರೆಯವರ ಹತ್ತಿರ ಕೊಳ್ಳುತ್ತೇನೆಂದು ಹೋಟೆಲಿನವರು ಹೇಳಿ ಕಳಿಸಿದ್ದರು. ಹಾಗಾಗಿ ಈ ಸಲ ಡ್ರಮ್ಮಿನ ಹಿಡಿಕೆ ನನ್ನ ಕೈಗೆ ಬಂತು.

ಒಲೆಯ ಮೇಲೆ ಅಡ್ಡಡ್ಡ ಕೂರಿಸಿದ ಕಬ್ಬಿಣದ ಡ್ರಮ್ಮು ಅದು. ತಿರುಗಿಸುತ್ತಲೇ ಇರಬೇಕು. ನಾನು ತಿರುಗಿಸುತ್ತಿದ್ದೆ, ಅದೇನೋ ನಿಜ. ಆದರೆ ಬೆಳಗಿನ ಬಸ್ಸಿನಲ್ಲಿ ಕಳಸಕ್ಕೆ ಹೋಗಿ ಬೀಜ ಕೊಟ್ಟಾದ ಮೇಲೆ, ಅಪ್ಪ ನನ್ನನ್ನು ಅಲ್ಲಿಂದ ಹೊರನಾಡಿನ ಊಟಕ್ಕೆ ಕರೆದೊಯ್ಯುವ ಮಾತಾಗಿತ್ತು. ನನ್ನ ಮನಸ್ಸು ಆಗಲೇ ಪಂಕ್ತಿಯಲ್ಲಿ ಕೂತು ಪಾಯಸಕ್ಕೆ ಕಾಯುತ್ತಿತ್ತು. ಕಣ್ಣಿಗೆ ಹೊಗೆ ಹೊಕ್ಕಾಗಲೇ ಎಚ್ಚರ. ಡ್ರಮ್ಮು ತೆರೆದರೆ ಬರೀ ಇದ್ದಿಲು.

"ಊಟ ಆಯ್ತಾ ಮಾರಾಯ? ಕೈ ತೊಳ್ಕೊಂಡ್ಯಾ?" ಎಂದಳು ಅಕ್ಕ. ಮಾತು ಕುಟುಕುವಂತಿತ್ತು, ಕಣ್ಣು ಮಾತ್ರ ತುಂಬಿತ್ತು.

ಅಪ್ಪ ಬೈಯಲಿಲ್ಲ. ಉಳಿದ ಬೀಜವನ್ನು ಅಳೆದು ನನ್ನ ಮುಂದಿಟ್ಟರು. "ಇರೋದು ಇಷ್ಟೇ. ನಿನ್ನ ಕೈಲಾಗುತ್ತಾ?"

"ಆಗುತ್ತೆ" ಎಂದೆ. ಇದ್ದಿಲು ಸುರಿದು ಮತ್ತೆ ಹಿಡಿಕೆ ಹಿಡಿದೆ.

"ಬಸ್ಸು ಅದರ ಪಾಡಿಗೆ ಬರ್ಲಿ. ನೀನು ಬೀಜದ ಸದ್ದು ಕೇಳು" ಎಂದಳು ಅಕ್ಕ. "ಒಂದ್ಸಲ ಚಟಚಟ ಅನ್ನುತ್ತೆ, ಆಮೇಲೆ ಸುಮ್ಮನಾಗುತ್ತೆ. ಮತ್ತೆ ಸಣ್ಣಗೆ ಚಿಟಿಚಿಟಿ ಅಂದ ಕೂಡ್ಲೆ ಇಳಿಸು."

ಮೊದಲು ಹಸಿ ಹುಲ್ಲಿನ ವಾಸನೆ. ಆಮೇಲೆ ಹುರಿದ ಅಕ್ಕಿಯ ವಾಸನೆ. ಕಲ್ಲಿನಂತೆ ಉರುಳುತ್ತಿದ್ದ ಬೀಜದ ಸದ್ದು ನಿಧಾನವಾಗಿ ಹಗುರಾಯಿತು. ಮನಸ್ಸು ಎರಡು ಸಲ ಬಸ್ಸಿನ ಕಡೆಗೆ ಓಡಿತು. ಎರಡು ಸಲವೂ ಅಂಗೈಗೆ ತಾಗುವ ಹಿಡಿಕೆಯ ಬಿಸಿಗೇ ಎಳೆದು ತಂದೆ. ಚಟಚಟ ಎಂದಿತು. ನಿಂತಿತು. ಆಗಲೇ ರಸ್ತೆಯಲ್ಲಿ ಬಸ್ಸಿನ ಹಾರನ್ನು! ಅಪ್ಪ ನನ್ನ ಮುಖ ನೋಡಿದರು. ನಾನು ಅಲುಗಲಿಲ್ಲ. ತಿರುಗಿಸಿದೆ, ಕೇಳಿದೆ, ತಿರುಗಿಸಿದೆ. ಹಾರನ್ನು ತಿರುವಿನಾಚೆ ಕರಗಿತು. ಅಷ್ಟರಲ್ಲಿ ಸಣ್ಣಗೆ ಚಿಟಿಚಿಟಿ. ಒಂದೇ ಉಸಿರಿಗೆ ಇಳಿಸಿ ಮೊರಕ್ಕೆ ಸುರಿದೆ. ಒಂದೊಂದು ಕಾಳೂ ಒಂದೇ ಬಣ್ಣ. ಅಕ್ಕ ಎಡಗೈಯಲ್ಲೇ ನನ್ನ ತಲೆಗೂದಲು ಕೆದರಿದಳು.

ಬಸ್ಸು ತಪ್ಪಿದ್ದರಿಂದ ಎಸ್ಟೇಟಿನ ಜೀಪೊಂದನ್ನು ನಿಲ್ಲಿಸಿ ಹತ್ತಿದೆವು. ಊಟದ ಹೊತ್ತು ಮೀರುತ್ತಿತ್ತು. ಹೊರನಾಡಿನ ಆಸೆ ಬಿಟ್ಟೆ.

"ಇದು ಯಾವತ್ತು ಹುರಿದಿದ್ದು? ಮೊನ್ನೆಯದ್ದಾ?" ಎಂದು ಹೋಟೆಲಿನವರು ಕೊಂಕು ತೆಗೆದರು.

"ಕೈ ಹಾಕಿ ನೋಡಿ, ಇನ್ನೂ ಬೆಚ್ಚಗಿದೆ" ಎಂದೆ.

ಅವರು ಒಂದು ಕಾಳು ಕಚ್ಚಿದರು. ಇನ್ನೊಂದು ಕಚ್ಚಿದರು. "ಯಾರು ಹುರಿದಿದ್ದು?"

"ನಾನು."

"ಹಾಗಾದ್ರೆ ಇನ್ನು ಮೇಲೆ ವಾರಕ್ಕೆರಡು ಸಲ ನೀನೇ ತಗೊಂಡು ಬಾ."

"ಅದನ್ನ ಅಕ್ಕನ ಹತ್ರ ಮಾತಾಡಿ. ನೀವು ಅವಳ ಗಿರಾಕಿ."

ಅಪ್ಪ ನಕ್ಕುಬಿಟ್ಟರು. ಮುಂದಿನ ವರ್ಷ ನಮ್ಮ ಜಗಲಿಗೆ ಹೊಲಿಗೆ ಯಂತ್ರ ಬಂತು.

ಆಗ ನನ್ನನ್ನು ಎಳೆಯಲು ಇದ್ದದ್ದು ಒಂದು ಬಸ್ಸು, ಒಂದು ಪಾಯಸ. ನಿಮಗೆ ಜೇಬಿನಲ್ಲೇ ನಿಮಿಷಕ್ಕೊಂದು ಹಾರನ್ನು ಕೂಗುತ್ತದೆ. ನಿಮ್ಮ ಕೆಲಸ ನನ್ನದಕ್ಕಿಂತ ಕಷ್ಟ, ಒಪ್ಪಿದೆ. ಅದಕ್ಕೇ ಚಿಕ್ಕದರಿಂದ ಶುರು ಮಾಡಿ. ನಾಳೆ ಮನೆಯಲ್ಲಿ ದೋಸೆ ಹುಯ್ಯುವಾಗ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಒಲೆಯ ಹತ್ತಿರ ನಿಲ್ಲಿ. ಚುಂಯ್ ಸದ್ದು ಸಣ್ಣದಾಗುವುದನ್ನು ಕೇಳಿ, ಅಂಚು ಏಳುವುದನ್ನು ನೋಡಿ, ಆಗ ಮಗುಚಿ. ಮನಸ್ಸು ಓಡಿದರೆ ಬೈಯಬೇಡಿ, ಎಳೆದು ತನ್ನಿ. ಮೊದಲನೆಯದು ಸೀದರೆ ಅದನ್ನು ನೀವೇ ತಿಂದು, ಇನ್ನೊಂದು ಸೌಟು ಹಿಟ್ಟು ಹುಯ್ಯಿರಿ.