ಅಜ್ಜ ಹೊತ್ತದ್ದು

ಗೇರುಹಣ್ಣಿನ ಕಲೆಯಿಲ್ಲದ ಅಂಗಿ ನಮ್ಮಲ್ಲಿ ಒಬ್ಬರಿಗೂ ಇಲ್ಲದಿದ್ದ ದಿನಗಳು ಅವು. ಮುಂಡಾಜೆಯ ಅಜ್ಜಿಮನೆಯಲ್ಲಿ ಬೇಸಗೆ ರಜೆಯೆಂದರೆ ಅಂಗಳದ ಮೂಲೆಯಲ್ಲಿ ಗೇರುಬೀಜ ಸುಡುವ ಹೊಗೆ, ಬೆರಳಿಗೆ ಹತ್ತಿದ ಸೊನೆ, ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಊಟವಾದ ಮೇಲೆ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಆಟ.

ಇದ್ದಬದ್ದ ನಾಣ್ಯಗಳೆಲ್ಲ ಮುಗಿದ ದಿನ ಅಜ್ಜ ತಮ್ಮ ಟ್ರಂಕಿನಿಂದ ಒಂದು ಬೆಳ್ಳಿ ಪದಕ ತೆಗೆದುಕೊಟ್ಟರು. ನಡುವೆ ಶಿಲುಬೆ, ಸುತ್ತ ಅಕ್ಷರ. ಯುದ್ಧದ ಕಾಲದಲ್ಲಿ ಅವರು ಪಲ್ಟನಿನ ಜೊತೆ ಇಟಲಿಗೆ ಹೋಗಿದ್ದವರು.

"ಇದು ಯಾಕೆ ಕೊಟ್ಟದ್ದು ಅಜ್ಜ?"

"ಹೊತ್ತದ್ದಕ್ಕೆ ಮಗಾ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಪಲ್ಟನಿನಲ್ಲಿ ಅಜ್ಜನದು ಮೂಟೆ ಹೊರುವ ಕೆಲಸ ಎಂದು ಮನೆಯಲ್ಲಿ ಯಾವಾಗಲೂ ತಮಾಷೆ. ನಾನೂ ನಕ್ಕೆ.

ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೆಂಗಸರ ಕಡೆಯಿಂದ, ಅಧಿಕಾರ ಅಜ್ಜಿಯ ಅಣ್ಣನದು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಹೆಂಡತಿಯ ಮನೆಗೆ ಬಂದು ನಿಂತ ಅಜ್ಜನಿಗೆ ಊಟಕ್ಕೆ ಎಲೆಯಿತ್ತು, ಮಾತಿಗೆ ಜಾಗವಿರಲಿಲ್ಲ.

ಆ ವಾರವೇ ಹಟ್ಟಿಯಲ್ಲಿ ಎರಡು ದನ ಸತ್ತವು. ಜೋಯಿಸರನ್ನು ಕರೆಸಿ ಪ್ರಶ್ನೆ ಇಟ್ಟರು. ಕವಡೆ ಎಣಿಸಿದ ಜೋಯಿಸರು, ಮನೆಯೊಳಗೆ ಪರರ ದೇವರ ವಸ್ತು ಉಂಟು, ದೈವ ಮುನಿದಿದೆ ಎಂದರು. ಯಜಮಾನರು ನೆಟ್ಟಗೆ ಬಂದು ನನ್ನ ಕೈಯಿಂದ ಪದಕ ಕಿತ್ತುಕೊಂಡರು.

"ಭಾವ, ಅದು ಪೂಜೆಯದ್ದಲ್ಲ, ಮದ್ದು ಮಾಡುವವರ ಗುರುತು. ಒಮ್ಮೆ ಕೇಳಿ," ಎಂದು ಅಜ್ಜ ಎದ್ದು ನಿಂತರು.

"ನೀವು ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ದನ ನಿಮ್ಮದಲ್ಲ, ಮನೆ ನಿಮ್ಮದಲ್ಲ."

ಅಜ್ಜ ಕೂತರು. ಆ ಮಾತು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪದಕ ಕರಗಿಸಿ ದೈವದ ಕತ್ತಿಯ ಹಿಡಿಗೆ ಬೆಳ್ಳಿ ಕಟ್ಟಿಸಿದರು. ಆಮೇಲೆ ಮೂರನೆಯ ದನವೂ ಸತ್ತಿತು. ಅದಕ್ಕೆ ಯಾರೂ ಪ್ರಶ್ನೆ ಇಡಲಿಲ್ಲ.

ಕಳೆದ ವರ್ಷ ಹಳೆಯ ಪುಸ್ತಕವೊಂದರಲ್ಲಿ ನಾನು ತೆಗೆದ ಆ ಪದಕದ ಪೆನ್ಸಿಲ್ ಅಚ್ಚು ಸಿಕ್ಕಿತು. ನನ್ನ ಜೊತೆ ಓದಿದ ಪುಂಜಾಲಕಟ್ಟೆಯ ಲಿಲ್ಲಿ ಈಗ ಇಟಲಿಯಲ್ಲಿ ಒಬ್ಬರು ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವಳಿಗೆ ಫೋಟೋ ಕಳಿಸಿದೆ. ಮುದುಕರಿಗೆ ತೋರಿಸಿ ಫೋನ್ ಮಾಡಿದಳು.

"ಮಾರಾಯ್ತಿ, ಗಾಯ ಆದವರನ್ನು ಹೊತ್ತು ತಂದು ಮದ್ದು ಕಟ್ಟುವ ಒಂದು ಧರ್ಮಸಂಘದ್ದಂತೆ ಅದು. ಹೊರಗಿನವರಿಗೆ ಸುಮ್ಮನೆ ಕೊಡುವುದಿಲ್ಲವಂತೆ. ನಿನ್ನ ಅಜ್ಜ ಇಲ್ಲಿಯ ಜನರನ್ನು ಹೊತ್ತಿರಬೇಕು."

ಹೊತ್ತದ್ದಕ್ಕೆ ಎಂದು ಅಜ್ಜ ಹೇಳಿಯೇ ಇದ್ದರು. ಏನನ್ನು ಹೊತ್ತದ್ದು ಎಂದು ಕೇಳುವಷ್ಟು ಮರ್ಯಾದೆ ಆ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಈಗ ಅಜ್ಜನಿಲ್ಲ, ಜಗಳ ಮಾಡೋಣವೆಂದರೆ ಯಜಮಾನರೂ ಇಲ್ಲ.

"ಹಿಂಬದಿಯ ಅಚ್ಚು ಉಂಟಾ? ಅದರಲ್ಲಿ ಹೆಸರು ಕೆತ್ತಿರ್ತಾರಂತೆ," ಎಂದಳು ಲಿಲ್ಲಿ.

ನಾನಾಗ ಮೂರನೇ ಕ್ಲಾಸು. ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಶುರುವಾಗುವುದು ಐದರಲ್ಲಿ. ಹಿಂಬದಿಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರವೆಂದು ನಾನು ಪೆನ್ಸಿಲ್ ಉಜ್ಜಿರಲಿಲ್ಲ.

ವರ್ಷಕ್ಕೊಮ್ಮೆ ಆ ಕತ್ತಿಯನ್ನು ಹೊರಗೆ ತೆಗೆಯುತ್ತಾರೆ. ಅಜ್ಜನ ಹೆಸರು ಕರಗಿಸಿ ಕಟ್ಟಿದ ಹಿಡಿಗೆ ಮನೆಯವರೆಲ್ಲ ಕೈ ಮುಗಿಯುತ್ತಾರೆ. ಕರೆದರೂ ನಾನು ಹೋಗುವುದಿಲ್ಲ.